ಗುಡ್ಡದ ಲೆಕ್ಕ, ಬೈಲಿನ ಲೆಕ್ಕ

ಕಾಸರಗೋಡಿನ ಒಳನಾಡಿನ ಹಲವು ಹಳೆಯ ಮನೆಗಳಿಗೆ ಇಂದಿಗೂ ಸುರಂಗದ ನೀರು ತಾನಾಗಿಯೇ ಹರಿದು ಬರುತ್ತದೆ. ಮುರಕಲ್ಲಿನ ಗುಡ್ಡದ ಬದಿಯನ್ನು ಅಡ್ಡಲಾಗಿ, ಒಬ್ಬ ಆಳು ಒಳಹೊಕ್ಕು ಹಾರೆ ಬೀಸಲು ಸಾಕಾಗುವಷ್ಟು ಎತ್ತರ ಮತ್ತು ಅಗಲಕ್ಕೆ ಕೊರೆಯುತ್ತ ಹೋಗುವುದು ಸುರಂಗ ತೋಡುವ ಕ್ರಮ. ಒರತೆ ಸಿಕ್ಕುವವರೆಗೂ ಕೆಲಸ ಮುಂದುವರಿಯುತ್ತದೆ. ಒಳಗೆ ಉಸಿರಾಡಲು ಗಾಳಿ ಸಾಕೇ ಎಂಬುದನ್ನು ಉರಿಯುವ ದೀಪ ತಿಳಿಸುತ್ತದೆ. ಅದು ಮಂಕಾದರೆ ಅಗೆಯುವವನು ಹೊರಗೆ ಬರಬೇಕು. ಒಮ್ಮೆ ನೀರು ಸಿಕ್ಕಿತೆಂದರೆ ಅದನ್ನು ಮೇಲೆತ್ತಲು ಪಂಪು ಬೇಡ, ವಿದ್ಯುತ್ತು ಬೇಡ. ಹಿಂದೆ ಅಡಿಕೆ ಮರದ ದಂಬೆಯಲ್ಲಿ, ಈಗ ಪಿವಿಸಿ ಕೊಳವೆಯಲ್ಲಿ ಅದು ಅಂಗಳದ ತೊಟ್ಟಿಗೂ ತೋಟದ ಕೆರೆಗೂ ಇಳಿಯುತ್ತದೆ. ಮಳೆಗಾಲದಲ್ಲಿ ಗುಡ್ಡ ಎಷ್ಟನ್ನು ಕುಡಿದಿದೆಯೋ ಅದರಲ್ಲೊಂದು ಪಾಲನ್ನಷ್ಟೇ ಬೇಸಗೆಯಲ್ಲಿ ಸುರಂಗ ಕೊಡುತ್ತದೆ. ಹೆಚ್ಚು ಬೇಕೆಂದು ಮನೆಯವರು ಹಟ ಹಿಡಿದರೆ ಪ್ರಯೋಜನವಿಲ್ಲ. ಆದ್ದರಿಂದಲೇ ಸುರಂಗವಿರುವ ಮನೆಯವರ ಕಣ್ಣು ನೀರಿನ ಮೇಲೆ ಇರುವಷ್ಟೇ ಅದರ ನೆತ್ತಿಯ ಮೇಲಿನ ಗುಡ್ಡದ ಮೇಲೂ ಇರುತ್ತದೆ.

ಇದೇ ಗುಡ್ಡಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ, ಎರಡು ದಶಕಗಳಿಗೂ ಹೆಚ್ಚು ಕಾಲ, ಹೆಲಿಕಾಪ್ಟರ್ ಹಾರಿ ಗೇರು ತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಿತು. ಆ ವಿಷದ ಕಥೆ ಈ ಜಿಲ್ಲೆಯ ವಿದ್ಯಾರ್ಥಿಗಳಿಗೆ ಹೊಸದಲ್ಲ. ಆದರೆ ಅದು ಸಾಮಾನ್ಯವಾಗಿ ಒಂದು ದುರಂತದ ಕಥೆಯಾಗಿ, ಪರಿಹಾರದ ಹೋರಾಟದ ಕಥೆಯಾಗಿ ಮಾತ್ರ ಓದಿಗೆ ಸಿಗುತ್ತದೆ. ಅದನ್ನು ಒಂದು ವಿಚಾರಕ್ರಮದ ಕಥೆಯಾಗಿಯೂ ಓದಬೇಕಾಗಿದೆ. ಸುರಂಗವನ್ನು ತೋಡಿದ ಬುದ್ಧಿಯೂ ಹೆಲಿಕಾಪ್ಟರನ್ನು ಹಾರಿಸಿದ ಬುದ್ಧಿಯೂ ಒಂದೇ ಗುಡ್ಡವನ್ನು ನೋಡಿದವು. ನೋಡಿದ ರೀತಿ ಮಾತ್ರ ಬೇರೆ. ಪರಿಸರ ಚಿಂತನೆಯು ಕೈಗಾರಿಕಾ ಸಮಾಜಕ್ಕೆ ಪರ್ಯಾಯವಾಗಬಲ್ಲುದೇ ಎಂಬ ಪ್ರಶ್ನೆಗೆ ಉತ್ತರವನ್ನು ಗ್ರಂಥಗಳಲ್ಲಿ ಹುಡುಕುವ ಮೊದಲು ಈ ಗುಡ್ಡದಲ್ಲಿ ಹುಡುಕುವುದು ಲೇಸು.

ಕೈಗಾರಿಕಾ ಸಮಾಜವೆಂದರೆ ಹೊಗೆಕೊಳವೆಗಳ ಸಮಾಜವೆಂಬ ಕಲ್ಪನೆ ಬಲವಾಗಿದೆ. ಎಣ್ಮಕಜೆಯಲ್ಲಾಗಲಿ ಪಡ್ರೆಯಲ್ಲಾಗಲಿ ಯಾವ ದೊಡ್ಡ ಕಾರ್ಖಾನೆಯೂ ಇರಲಿಲ್ಲ. ಇದ್ದದ್ದು ಹಸುರು ಮರಗಳು. ಆದರೂ ಅಲ್ಲಿ ನಡೆದದ್ದು ಅಪ್ಪಟ ಕೈಗಾರಿಕಾ ವ್ಯವಹಾರವೇ. ಒಂದು ನೆಲವನ್ನು ಒಂದೇ ಉತ್ಪನ್ನದ ಮೂಲವೆಂದು ಬಗೆಯುವುದು, ಆ ಉತ್ಪನ್ನಕ್ಕೆ ನೆರವಾಗದ್ದನ್ನೆಲ್ಲ ಅಡ್ಡಿಯೆಂದು ತೆಗೆದುಹಾಕುವುದು, ತೆಗೆದುಹಾಕಿದ್ದು ಎಲ್ಲಿಗೆ ಹೋಯಿತೆಂದು ವಿಚಾರಿಸದಿರುವುದು, ಈ ಮೂರೂ ಸೇರಿದಾಗ ಗದ್ದೆಯೂ ಕಾರ್ಖಾನೆಯಾಗುತ್ತದೆ. ಇಂಗ್ಲಿಷಿನಲ್ಲಿ ಅರ್ಥಶಾಸ್ತ್ರಕ್ಕೂ ಪರಿಸರ ವಿಜ್ಞಾನಕ್ಕೂ ಇರುವ ಹೆಸರುಗಳು ‘ಮನೆ’ ಎಂಬರ್ಥದ ಒಂದೇ ಗ್ರೀಕ್ ಪದದಿಂದ ಹುಟ್ಟಿದವು. ಕನ್ನಡದಲ್ಲಿ ಅವೆರಡನ್ನೂ ಒಳಗೊಳ್ಳಬಲ್ಲ ಹಳೆಯ ಮಾತೊಂದಿದೆ: ಮನೆವಾರ್ತೆ. ಮನೆವಾರ್ತೆ ನೋಡುವವರು ಪಡಸಾಲೆಗೆ ಬಂದ ಧಾನ್ಯವನ್ನು ಅಳೆದು ಸುಮ್ಮನಾಗುವಂತಿಲ್ಲ. ಹಟ್ಟಿಯ ಗೊಬ್ಬರ, ಬಚ್ಚಲಿನ ನೀರು, ಮುದುಕರ ಔಷಧ, ಮಕ್ಕಳ ಹಸಿವು ಎಲ್ಲವೂ ಆ ಲೆಕ್ಕದೊಳಗೆ ಬರಬೇಕು. ಕೈಗಾರಿಕಾ ಬುದ್ಧಿ ಮನೆವಾರ್ತೆಯಿಂದ ಪಡಸಾಲೆಯ ಲೆಕ್ಕವನ್ನಷ್ಟೇ ಹರಿದುಕೊಂಡು ಹೋಯಿತು.

ಇಡೀ ಮನೆಯ ಲೆಕ್ಕವನ್ನು ಇಟ್ಟುಕೊಂಡಿದ್ದ ಒಂದು ನೆಲಕ್ರಮ ಹಳೆಯ ದಕ್ಷಿಣ ಕನ್ನಡದಲ್ಲಿತ್ತು. 1956ರವರೆಗೆ ಕಾಸರಗೋಡೂ ಆ ಜಿಲ್ಲೆಯ ಭಾಗವೇ. ಅಲ್ಲಿ ಗದ್ದೆಗಳಿಗೆ ಬೆಟ್ಟು, ಮಜಲು, ಬೈಲು ಎಂಬ ಹೆಸರುಗಳಿದ್ದವು. ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು, ನಡುವಿನದು ಮಜಲು, ನೀರು ನಿಲ್ಲುವ ತಗ್ಗಿನದು ಬೈಲು. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಲ್ಲಿ ಯಾವ ಗದ್ದೆಗೆ ಎಷ್ಟು ದಕ್ಕುತ್ತದೆ ಎಂಬುದನ್ನು ನೀರೇ ತೀರ್ಮಾನಿಸುತ್ತಿತ್ತು. ಸಾಗುವಳಿಯ ವರ್ಗ ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ನೆಲ ಕುಮ್ಕಿ ಎನಿಸಿತ್ತು. ಅದರ ಒಡೆತನ ಸರಕಾರದ್ದಾದರೂ ಸೊಪ್ಪು, ಸೌದೆ, ಮೇವು ವರ್ಗದಾರನ ಸೌಲಭ್ಯ. ಗುಡ್ಡದ ಸೊಪ್ಪು ಹಟ್ಟಿಗೆ ಬಂದು, ಗಿಡ್ಡ ತಳಿಯ ದನಗಳ ಕಾಲಡಿಯಲ್ಲಿ ಗೊಬ್ಬರವಾಗಿ, ಬೈಲಿಗೆ ಇಳಿಯುತ್ತಿತ್ತು. ಗುಡ್ಡ ಬೋಳಾದರೆ ಬೈಲು ಬಡವಾಗುತ್ತದೆ ಎಂಬುದು ಇಲ್ಲಿ ಉಪದೇಶವಾಗಿರಲಿಲ್ಲ. ಮುಂದಿನ ಸುಗ್ಗಿಯಲ್ಲೇ ಕಣ್ಣಿಗೆ ಕಾಣುವ ಸಂಗತಿಯಾಗಿತ್ತು. ತಪ್ಪು ಮಾಡಿದವನೇ ಅದರ ಫಲ ಉಣ್ಣುವಷ್ಟು ಹತ್ತಿರದಲ್ಲಿ ಕಾರಣವೂ ಪರಿಣಾಮವೂ ಇದ್ದವು.

ಗುಡ್ಡದ ನೆತ್ತಿಗೆ ಗೇರು ತೋಟ ಬಂದಾಗ ಈ ಹತ್ತಿರ ಕಳೆದುಹೋಯಿತು. ಸರಕಾರಿ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳ ಜಿಲ್ಲೆಯಲ್ಲಿ ಸುಮಾರು ನಾಲ್ಕೂವರೆ ಸಾವಿರ ಹೆಕ್ಟೇರಿನಲ್ಲಿ ಗೇರು ಬೆಳೆಸಿತು. ಗೇರು ತಾನಾಗಿ ಕೆಟ್ಟ ಮರವಲ್ಲ. ಬಡ ನೆಲದಲ್ಲಿಯೂ ನಿಲ್ಲುವ, ಬಡವರ ಹಿತ್ತಿಲಿಗೂ ಒಗ್ಗುವ ಮರ. ಆದರೆ ಗುಡ್ಡದಿಂದ ಗುಡ್ಡಕ್ಕೆ ಒಂದೇ ಮರ ಹಬ್ಬಿದಾಗ ಅದರ ಚಿಗುರನ್ನೂ ಹೂಗೊಂಚಲನ್ನೂ ಹೀರುವ ಟೀ ಸೊಳ್ಳೆಗೆ ಅದು ಮುಗಿಯದ ಔತಣ. ಟೀ ಸೊಳ್ಳೆಯನ್ನು ಹಿಡಿದು ತಿನ್ನುವ ಕೆಂಜಿಗ ಇರುವೆ ಗೇರುಮರದ ಎಲೆಗಳನ್ನೇ ಹೊಲಿದು ಗೂಡು ಕಟ್ಟುತ್ತದೆ ಎಂಬುದನ್ನು ಕೃಷಿ ವಿಜ್ಞಾನವೂ ಬಲ್ಲುದು. ಅದು ಬೀಜ ಹೆಕ್ಕುವವರನ್ನು ಕಚ್ಚುತ್ತದೆ, ನಿಧಾನವಾಗಿ ಕೆಲಸ ಮಾಡುತ್ತದೆ, ಅದರ ಗೂಡುಗಳನ್ನು ಮರಮರಕ್ಕೆ ನೋಡಿಕೊಳ್ಳುವ ಜನ ಬೇಕು. ಸಾವಿರಾರು ಹೆಕ್ಟೇರಿಗೆ ಅಷ್ಟು ಕಣ್ಣುಗಳನ್ನು ಒದಗಿಸುವುದಕ್ಕಿಂತ ಒಂದು ಹೆಲಿಕಾಪ್ಟರ್ ಅಗ್ಗವೆಂದು ಲೆಕ್ಕ ಹೇಳಿತು. ಆ ಲೆಕ್ಕ ತೋಟದ ಬೇಲಿಯೊಳಗೆ ಸರಿಯಾಗಿಯೇ ಇತ್ತು. ನೀರು ಮಾತ್ರ ಬೇಲಿಯೊಳಗೆ ನಿಲ್ಲುವಂಥದ್ದಲ್ಲ.

ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ನಾಡು ಇದು. ಕೇರಳದ 44 ನದಿಗಳಲ್ಲಿ 12 ಈ ಪುಟ್ಟ ಜಿಲ್ಲೆಯಲ್ಲಿ ಹರಿಯುತ್ತವೆ. ಗುಡ್ಡದ ನೆತ್ತಿಗೆ ಬಿದ್ದದ್ದೆಲ್ಲ ತೋಡಿಗೆ, ಕೆರೆಗೆ, ಬೈಲಿಗೆ ಇಳಿಯಲೇಬೇಕು. ಸಿಂಪಡಿಸುವ ದಿನ ಬಾವಿಯನ್ನು ಮುಚ್ಚಿಡಬಹುದು. ತೋಡನ್ನು ಮುಚ್ಚುವುದು ಹೇಗೆ? ಸುರಂಗ ಹೀರುವ ಗುಡ್ಡವನ್ನು ಯಾವ ಹೊದಿಕೆಯಿಂದ ಮುಚ್ಚಬೇಕು? ಇಂಥ ಪ್ರಶ್ನೆ ಸುರಂಗದ ಮನೆಯವರಿಗೆ ಮೊದಲ ದಿನವೇ ಹೊಳೆಯುತ್ತಿತ್ತು. ಅವರನ್ನು ಕೇಳುವ ಪದ್ಧತಿ ಇರಲಿಲ್ಲ.

ಮೊದಲು ಮಾತನಾಡಿದವು ದನಗಳು. 1979ರ ಸುಮಾರಿಗೆ ಪಡ್ರೆಯ ಪರಿಸರದಲ್ಲಿ ಹುಟ್ಟಿದ ಕೆಲವು ಕರುಗಳ ಅಂಗವೈಕಲ್ಯವನ್ನು ಕೃಷಿಕ ಪತ್ರಕರ್ತ ಶ್ರೀಪಡ್ರೆಯವರು ಗಮನಿಸಿ ಬರೆದರು. ವಾಣೀನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್ 1980ರ ದಶಕದಿಂದ ತಮ್ಮ ಬಳಿ ಬರುವ ರೋಗಿಗಳಲ್ಲಿ ಕಂಡ ಅಸಹಜತೆಯನ್ನು, ಒಂದೇ ಸಣ್ಣ ಪ್ರದೇಶದಲ್ಲಿ ಗುಂಪುಗೂಡಿದ್ದ ಕಾಯಿಲೆಗಳನ್ನು ಗುರುತಿಸಿ ಎಚ್ಚರಿಸಿದರು. ಜಿಲ್ಲೆಯ ದಕ್ಷಿಣ ಭಾಗದಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ತಮ್ಮ ಮನೆಯ ಮೇಲೆಯೇ ಹಾರುತ್ತಿದ್ದ ಹೆಲಿಕಾಪ್ಟರಿನ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿ 1998ರಲ್ಲಿ ತಡೆಯಾಜ್ಞೆ ತಂದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ಮನುಷ್ಯರ ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನಿನ ಉಳಿಕೆಯನ್ನು ವರದಿ ಮಾಡಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ಜಗತ್ತಿನಿಂದಲೇ ತೊಲಗಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮರುತಿಂಗಳೇ ಭಾರತದ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ವಿಧಿಸಿತು. ಒಬ್ಬೊಬ್ಬ ಸಂತ್ರಸ್ತರಿಗೂ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2017ರ ಜನವರಿಯಲ್ಲಿ ಅದೇ ನ್ಯಾಯಾಲಯ ಆದೇಶಿಸಿದರೂ, ಐದು ವರ್ಷಗಳ ಬಳಿಕ ಅನೇಕರು ಅದಕ್ಕಾಗಿ ಮತ್ತೆ ನ್ಯಾಯಾಲಯಕ್ಕೇ ಹೋಗಬೇಕಾಯಿತು.

ಈ ಎರಡು ದಶಕಗಳ ನಡುವೆ ಸಮಿತಿಯ ಮೇಲೆ ಸಮಿತಿ ಬಂತು. ರೋಗಗಳಿಗೂ ಸಿಂಪಡಣೆಗೂ ನಂಟಿದೆಯೆಂದು ಕೆಲವು ಹೇಳಿದವು. ನಂಟು ಸಾಬೀತಾಗಿಲ್ಲವೆಂದು ಕೆಲವು ಹೇಳಿದವು. ಒಬ್ಬ ರೋಗಿಯ ಒಂದು ಕಾಯಿಲೆಗೆ ಒಂದು ರಾಸಾಯನಿಕವೇ ಕಾರಣವೆಂದು ತೋರಿಸುವುದು ವೈದ್ಯವಿಜ್ಞಾನಕ್ಕೆ ನಿಜಕ್ಕೂ ಕಷ್ಟದ ಕೆಲಸ. ಈ ಕಷ್ಟವನ್ನು ಅಲ್ಲಗಳೆಯಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಸಾಬೀತು ಮಾಡುವ ಹೊರೆ ಯಾರ ತಲೆಯ ಮೇಲಿರಬೇಕು? ಮೇಲಿನಿಂದ ಸುರಿದವರು ಅದು ನಿರಪಾಯಕರವೆಂದು ಮೊದಲೇ ತೋರಿಸಬೇಕೇ, ಅಥವಾ ಕೆಳಗೆ ನೆನೆದವರು ತಮ್ಮ ಮಕ್ಕಳ ಮೈಯನ್ನೇ ಸಾಕ್ಷ್ಯವಾಗಿ ಹೊತ್ತು ಕಚೇರಿಯಿಂದ ಕಚೇರಿಗೆ ತಿರುಗಬೇಕೇ? ಕೈಗಾರಿಕಾ ಸಮಾಜ ಎರಡನೆಯದನ್ನು ಸಹಜವೆಂದು ಒಪ್ಪಿಕೊಂಡಿದೆ. ಪರಿಸರ ಚಿಂತನೆ ಈ ಹೊರೆಯನ್ನು ತಿರುಗಿಸಿಡುತ್ತದೆ. ಪರ್ಯಾಯವೆಂಬ ಮಾತಿಗೆ ಇಲ್ಲಿ ನಿಜವಾದ ತಿರುಳಿದೆ. ಹೊಸ ತಂತ್ರಜ್ಞಾನ ಬೇಕೇ ಬೇಡವೇ ಎಂಬುದು ಆಮೇಲಿನ ಚರ್ಚೆ. ಅಪಾಯ ಹೊರುವವರ ಒಪ್ಪಿಗೆ ಕೇಳಿದ್ದೀರಾ ಎಂಬುದು ಮೊದಲ ಚರ್ಚೆ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಎರಡು ಗಟ್ಟಿಯಾದವು. ಪರಿಸರದ ಮಾತು ಹಳೆಯ ಕಾಲದ ಹಂಬಲವಷ್ಟೇ ಎಂಬುದು ಒಂದು. ಇದರಲ್ಲಿ ಹುರುಳಿದೆ. ಕುಮ್ಕಿಯ ಸೌಲಭ್ಯ ವರ್ಗದಾರನಿಗಿತ್ತು. ಸೊಪ್ಪು ಕಡಿದು ತಲೆಯ ಮೇಲೆ ಹೊತ್ತು ತಂದವಳಿಗೆ ಇರಲಿಲ್ಲ. ಬೈಲಿನ ಸೊಬಗನ್ನು ಹಾಡುವವರು ಗೇಣಿಯನ್ನೂ ಜಾತಿಯ ಅಂತರವನ್ನೂ ಮರೆತರೆ ಅವರೂ ಲೆಕ್ಕದಿಂದ ಕೆಲವರನ್ನು ಹೊರಗಿಟ್ಟಂತೆಯೇ. ಸುರಂಗದ ಯಜಮಾನರ ಹೆಸರು ಉಳಿದಿದೆ, ಅದನ್ನು ಕತ್ತಲೆಯಲ್ಲಿ ಕುಳಿತು ಕೊರೆದವರ ಹೆಸರು ಉಳಿದಿರುವುದು ಕಡಿಮೆ. ಆದ್ದರಿಂದ ಹಳೆಯ ವ್ಯವಸ್ಥೆಯನ್ನು ಇಡಿಯಾಗಿ ಮರಳಿ ತರಬೇಕೆಂದು ಯಾರೂ ಬಯಸಬೇಕಾಗಿಲ್ಲ. ಅದರ ನೀರಿನ ವಿವೇಕವನ್ನು ಉಳಿಸಿಕೊಂಡು ಅದರ ಅನ್ಯಾಯವನ್ನು ಬಿಡುವುದು ಸಾಧ್ಯ. ಎಂಡೋಸಲ್ಫಾನಿನಿಂದ ಹೆಚ್ಚು ಬಳಲಿದವರೂ ತೋಟದ ಕೆಲಸಗಾರರು ಮತ್ತು ಅದರ ಅಂಚಿನ ಬಡ ಕುಟುಂಬಗಳೇ ಎಂಬುದನ್ನು ನೆನೆದರೆ, ಪರಿಸರದ ಪ್ರಶ್ನೆಯೂ ಸಾಮಾಜಿಕ ನ್ಯಾಯದ ಪ್ರಶ್ನೆಯೂ ಎರಡಲ್ಲವೆಂಬುದು ಗೊತ್ತಾಗುತ್ತದೆ.

ಉತ್ಪಾದನೆ ಕುಸಿದರೆ ಜನ ಬದುಕುವುದು ಹೇಗೆ ಎಂಬುದು ಇನ್ನೊಂದು ಆಕ್ಷೇಪ. ಹಸಿದ ನಾಡು ಕೇಳಲೇಬೇಕಾದ ಪ್ರಶ್ನೆ ಇದು. ಆದರೆ ಉತ್ಪಾದನೆಯನ್ನು ಅಳೆಯುವಾಗ ಯಾವುದನ್ನು ಕಳೆಯಬೇಕು ಎಂಬುದು ಮೊದಲು ಇತ್ಯರ್ಥವಾಗಬೇಕು. ಗೇರುಬೀಜ ಮಾರಿ ಬಂದ ಹಣದಿಂದ ಚಿಕಿತ್ಸೆಯ ವೆಚ್ಚ, ಪರಿಹಾರದ ಮೊತ್ತ, ಹಾಸಿಗೆ ಹಿಡಿದ ಮಗುವನ್ನು ನೋಡಿಕೊಳ್ಳಲು ಕೂಲಿ ಬಿಟ್ಟ ತಾಯಿಯ ದಿನಗಳನ್ನು ಕಳೆದರೆ ಉಳಿಯುವುದೆಷ್ಟು? ಗೇರಿನ ಲಾಭ ಒಂದು ಪುಸ್ತಕದಲ್ಲಿ, ರೋಗದ ನಷ್ಟ ಇನ್ನೊಂದು ಪುಸ್ತಕದಲ್ಲಿ ಬರೆಯಲ್ಪಟ್ಟದ್ದರಿಂದಲೇ ಉದ್ಯಮ ಲಾಭದಲ್ಲಿದ್ದಂತೆ ಕಂಡಿತು. ಗಾಂಧೀವಾದಿ ಅರ್ಥಶಾಸ್ತ್ರಜ್ಞ ಜೆ. ಸಿ. ಕುಮಾರಪ್ಪನವರು 1945ರಲ್ಲಿ ಪ್ರಕಟವಾದ ‘ಇಕಾನಮಿ ಆಫ್ ಪರ್ಮನೆನ್ಸ್’ ಕೃತಿಯಲ್ಲಿ, ಬಳಸಿದಂತೆ ಬರಿದಾಗುವ ಸಂಪತ್ತಿನ ಮೇಲೆ ನಿಂತ ಬದುಕನ್ನೂ ನಿಸರ್ಗದ ಆವರ್ತನದೊಂದಿಗೆ ಮತ್ತೆ ಮತ್ತೆ ತುಂಬಿಕೊಳ್ಳುವ ಸಂಪತ್ತಿನ ಮೇಲೆ ನಿಂತ ಬದುಕನ್ನೂ ಬೇರ್ಪಡಿಸಿ ನೋಡಿದರು. ಕಾಸರಗೋಡಿನ ಓದುಗನಿಗೆ ಇದನ್ನು ವಿವರಿಸಲು ದೂರದ ಉದಾಹರಣೆ ಬೇಡ. ಕೊಳವೆಬಾವಿಯೂ ಸುರಂಗವೂ ಒಂದೇ ಹಿತ್ತಿಲಿನಲ್ಲಿವೆ.

ಆ ಹಿತ್ತಿಲಿನತ್ತ ನೋಡಿದಾಗ ವಿಮರ್ಶೆ ಮನೆಯೊಳಕ್ಕೂ ತಿರುಗಬೇಕಾಗುತ್ತದೆ. ಹೆಲಿಕಾಪ್ಟರನ್ನು ದೂರುವುದು ಸುಲಭ. ಅದು ಹೊರಗಿನಿಂದ ಬಂದದ್ದು. ಬೈಲಿನ ಗದ್ದೆಗೆ ಮಣ್ಣು ತುಂಬಿ ಅಡಿಕೆ ಸಸಿ ನೆಟ್ಟದ್ದು, ಬೇಸಗೆಯ ನೀರಿಗಾಗಿ ನೂರಾರು ಅಡಿ ಕೊಳವೆ ಇಳಿಸಿದ್ದು, ಕೊಳೆರೋಗಕ್ಕೆ ಮೈಲುತುತ್ತಿನ ಬೋರ್ಡೋ ದ್ರಾವಣವಷ್ಟೇ ಸಾಲದೆಂದು ಅಂಗಡಿಯವನು ಹೇಳಿದ ಡಬ್ಬಿಯನ್ನೆಲ್ಲ ತಂದದ್ದು ಹೊರಗಿನವರಲ್ಲ. ಹಿಂದೆ ಮಳೆಗಾಲ ಮುಗಿದ ಮೇಲೆ ಊರವರು ಸೇರಿ ತೋಡಿಗೆ ಕಲ್ಲು, ಮಣ್ಣು, ಅಡಿಕೆ ಮರ ಹಾಕಿ ಕಟ್ಟ ಕಟ್ಟುತ್ತಿದ್ದರು. ಒಬ್ಬನ ಕಟ್ಟದಿಂದ ಇಂಗಿದ ನೀರು ಇನ್ನೊಬ್ಬನ ಬಾವಿಯನ್ನು ತುಂಬುತ್ತಿತ್ತು. ಪ್ರತಿಯೊಬ್ಬನಿಗೂ ಸ್ವಂತ ಕೊಳವೆಬಾವಿ ಬಂದ ಮೇಲೆ ಕಟ್ಟದ ಅಗತ್ಯ ಯಾರಿಗೂ ಕಾಣಲಿಲ್ಲ. ಕಟ್ಟ ನಿಂತ ಮೇಲೆ ಕೊಳವೆಬಾವಿ ಇನ್ನಷ್ಟು ಆಳಕ್ಕೆ ಹೋಗಬೇಕಾಯಿತು. ಏತಡ್ಕದಂಥ ಊರಿನಲ್ಲಿ ಕೃಷಿಕರು ಕಟ್ಟಗಳ ಪರಂಪರೆಯನ್ನು ಮುಂದುವರಿಸಿಕೊಂಡು ಬಂದಿರುವುದು ಈ ಕಾರಣಕ್ಕೇ ಗಮನಾರ್ಹ. ಅಲ್ಲಿ ಉಳಿದದ್ದು ನೀರು ಮಾತ್ರವಲ್ಲ. ನೆರೆಯವನೊಂದಿಗೆ ವರ್ಷಕ್ಕೊಮ್ಮೆಯಾದರೂ ಕೂತು ಮಾತನಾಡಲೇಬೇಕಾದ ಅನಿವಾರ್ಯತೆ. ಪರಿಸರ ಚಿಂತನೆಗೆ ಪ್ರೀತಿಯಷ್ಟೇ ಈ ಬಗೆಯ ಅನಿವಾರ್ಯತೆಯೂ ಬೇಕು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗೂ ಇದಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಏಳಬಹುದು. ಸುರಂಗ, ಮದಕ, ಕಟ್ಟ, ದಂಬೆ, ತೋಡು, ಪದವು, ಮಜಲು, ಕುಮ್ಕಿ: ಇವು ನಿಘಂಟಿಗೆ ಸೇರಿಸಬೇಕಾದ ಪ್ರಾದೇಶಿಕ ಪದಗಳೆಂದು ಮಾತ್ರ ತಿಳಿದರೆ ಸಾಲದು. ಒಂದೊಂದು ಪದವೂ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಅದರ ಮೇಲೆ ಯಾರಿಗೆ ಯಾವ ಹಕ್ಕಿದೆ ಎಂಬ ತಿಳಿವಳಿಕೆಯನ್ನು ಹೊತ್ತಿದೆ. ಇವುಗಳಲ್ಲಿ ಎಷ್ಟೋ ತುಳು, ಕನ್ನಡ, ಮಲಯಾಳಗಳ ನಡುವೆ ಹಂಚಿಕೆಯಾದವು. ಯಾವ ಭಾಷೆಯ ಆಸ್ತಿಯೆಂದು ಜಗಳವಾಡುವಷ್ಟರಲ್ಲಿ ಪದವೂ ಅದು ಹೆಸರಿಸುವ ವಸ್ತುವೂ ಕಣ್ಮರೆಯಾದಾವು. ಎಣ್ಮಕಜೆಯ ನೋವನ್ನು ಕಾದಂಬರಿಯಾಗಿಸಿದವರು ಮಲಯಾಳದ ಅಂಬಿಕಾಸುತನ್ ಮಾಂಙಾಡ್. 2009ರಲ್ಲಿ ಬಂದ ಆ ಕೃತಿಯ ಹೆಸರೇ ‘ಎಣ್ಮಕಜೆ’. ಕನ್ನಡ ಮತ್ತು ತುಳು ಮಾತನಾಡುವ ಹಳ್ಳಿಗಳ ಬದುಕನ್ನು ನೆರೆಭಾಷೆ ತನ್ನದೆಂದು ಎತ್ತಿಕೊಂಡದ್ದು ಸಂತೋಷದ ಸಂಗತಿ. ಕನ್ನಡ ಸಾಹಿತ್ಯ ಕಾಸರಗೋಡನ್ನು ಗಡಿಯ ನೋವಿನ ನಾಡೆಂದು ಎಷ್ಟು ಬಾರಿ ಬರೆದಿದೆಯೋ ಅಷ್ಟು ಬಾರಿ ಈ ಗುಡ್ಡಗಳನ್ನು ಬರೆದಿದೆಯೇ ಎಂದು ಕೇಳಿಕೊಳ್ಳಲು ಅದು ಕಾರಣವೂ ಹೌದು.

ಗಡಿಯ ವಿಚಾರದಲ್ಲಿ ವಿಷವೂ ಒಂದು ಪಾಠ ಕಲಿಸಿದೆ. ಗಡಿಯಾಚೆ, ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಮುತ್ತ ಕರ್ನಾಟಕದ ಸರಕಾರಿ ಗೇರು ತೋಟಗಳಿಗೂ ಇದೇ ಎಂಡೋಸಲ್ಫಾನ್ ಆಕಾಶದಿಂದಲೇ ಸುರಿಯಿತು. ಅಲ್ಲಿಯೂ ಮನೆಮನೆಗಳು ಬಳಲಿದವು. ಎರಡು ರಾಜ್ಯ, ಎರಡು ಆಡಳಿತಭಾಷೆ, ಒಂದೇ ಬಗೆಯ ಲೆಕ್ಕ. ಕಾಸರಗೋಡು ಕರ್ನಾಟಕದಲ್ಲಿದ್ದಿದ್ದರೆ ಈ ಗುಡ್ಡಗಳು ಉಳಿಯುತ್ತಿದ್ದವೆಂದು ಹೇಳುವ ಧೈರ್ಯ ಕೊಕ್ಕಡವನ್ನು ಕಂಡವರಿಗೆ ಬಾರದು. ಭಾಷೆಯ ಹಕ್ಕಿನ ಹೋರಾಟ ನ್ಯಾಯವಾದದ್ದೇ. ಆದರೆ ಆ ಭಾಷೆಯಲ್ಲಿ ಯಾವ ಲೆಕ್ಕ ಬರೆಯಲಾಗುತ್ತದೆ ಎಂಬುದನ್ನೂ ಅದು ಕೇಳಿಕೊಳ್ಳಬೇಕು.

ನಿಷೇಧದ ನಂತರವೂ ಈ ಕಥೆ ಮುಗಿಯಲಿಲ್ಲ. ತೋಟದ ಗೋದಾಮುಗಳಲ್ಲಿ ಉಳಿದುಹೋದ ಎಂಡೋಸಲ್ಫಾನನ್ನು 2012ರಲ್ಲಿ ಹೊಸ ಪೀಪಾಯಿಗಳಿಗೆ ಸುರಿದಿಡಲಾಯಿತು. ಅದನ್ನು ಎಲ್ಲಿಗೆ ಒಯ್ಯಬೇಕು, ಹೇಗೆ ನಾಶಪಡಿಸಬೇಕು ಎಂಬುದು ಅನಂತರ ಹತ್ತು ವರ್ಷ ಕಳೆದರೂ ತೀರದ ತಕರಾರಾಯಿತು. ಸ್ವಲ್ಪ ಭಾಗವನ್ನು ಹಿಂದೆಯೇ ತೋಟದೊಳಗಿನ ಹಾಳುಬಾವಿಯೊಂದರಲ್ಲಿ ಹೂಳಲಾಗಿದೆಯೆಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕೊಳ್ಳುವಾಗ ಒಂದು ಸಹಿ ಸಾಕಾದ ವಸ್ತುವನ್ನು ಬಿಸಾಡಲು ಇಡೀ ಭೂಮಿಯ ಮೇಲೆ ಜಾಗ ಸಿಗಲಿಲ್ಲ. ‘ಹೊರಗೆ ಎಸೆಯುವುದು’ ಎಂಬ ಮಾತಿನಲ್ಲಿರುವ ‘ಹೊರಗು’ ಎಲ್ಲಿಯೂ ಇಲ್ಲವೆಂಬ ಪರಿಸರ ಚಿಂತನೆಯ ಮೂಲಪಾಠವನ್ನು ಆ ಪೀಪಾಯಿಗಳಿಗಿಂತ ಸ್ಪಷ್ಟವಾಗಿ ಕಲಿಸುವ ಪಠ್ಯ ಸಿಗುವುದು ಕಷ್ಟ.

ಈ ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವ ವಿದ್ಯಾರ್ಥಿ ತನ್ನ ಮನೆಯ ನೀರು ಎಲ್ಲಿಂದ ಬರುತ್ತದೆ, ಅದರ ಮೇಲಿನ ಗುಡ್ಡ ಈಗ ಯಾರ ಕೈಯಲ್ಲಿದೆ, ಸುರಂಗವಿದ್ದರೆ ಅದನ್ನು ಕೊರೆದವರು ಯಾರು, ಅವರಿಗೆ ಸಿಕ್ಕ ಕೂಲಿ ಎಷ್ಟು ಎಂದು ಮನೆಯ ಹಿರಿಯರನ್ನೂ ನೆರೆಯ ಕೂಲಿಕಾರರನ್ನೂ ಕೇಳಿ ಬರೆದುಕೊಳ್ಳಬಹುದು. ಇಬ್ಬರ ಉತ್ತರಗಳೂ ಒಂದೇ ಆಗಿರಲಿಕ್ಕಿಲ್ಲ. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆಯುವುದರಿಂದ ಮನೆವಾರ್ತೆ ಮತ್ತೆ ಆರಂಭವಾದೀತು.